ಪಾವಗಡದಿಂದ ಹೆಬ್ಬಾಳಕ್ಕೆ ಸರಿಯಾಗಿ ಎರಡು ಗಂಟೆ

ಜಕ್ಕೂರಿನಿಂದ ಎದ್ದ ವಿಮಾನವೊಂದನ್ನು ನನ್ನ ಪಾರಿವಾಳ ಬಹಾದ್ದೂರ್ ಹಿಂದೆ ಹಾಕಿ, ಅದು ಇಳಿಯುವಷ್ಟರಲ್ಲಿ ಜೋಳ ತಿಂದು ಒಂದು ನಿದ್ದೆಯನ್ನೂ ಮುಗಿಸಿತ್ತು. ಪೈಲಟ್ಟು ಖುದ್ದಾಗಿ ಬಂದು ನನ್ನ, ಅಂದರೆ ಹೆಬ್ಬಾಳದ ಪಿಳ್ಳಪ್ಪನ, ಕೈಕುಲುಕಿದ.

ಅಂಥ ನನ್ನನ್ನೇ ೧೯೬೧ರ ಆ ಭಾನುವಾರ ವಿಚಾರಣೆಗೆ ಕೂರಿಸಿದರು!

ಪಕ್ಕದ ಮನೆಯ ಖಾದರ್ ಬಾಷಾರ ಹೆಣ್ಣು ಪಾರಿವಾಳ ಮಲ್ಕಾ ಕಾಣೆಯಾಗಿತ್ತು. ಶನಿವಾರ ಸಂಜೆ ಅದನ್ನೂ ಬಹಾದ್ದೂರನನ್ನೂ ಬುಟ್ಟಿಯಲ್ಲಿಟ್ಟುಕೊಂಡು ನಾನು ಪಾವಗಡದ ಬಸ್ಸು ಹತ್ತಿದ್ದೆ. ಬೆಳಗ್ಗೆ ಏಳಕ್ಕೆ ಎರಡನ್ನೂ ಹಾರಿಬಿಡಬೇಕು; ಮೊದಲು ಮನೆ ಸೇರಿದ್ದು ಗೆದ್ದಂತೆ. ಬಹಾದ್ದೂರ್ ಒಂಬತ್ತಕ್ಕೆ ಬಂದಿಳಿದ. ನಾನು ಎರಡಕ್ಕೆ ಬಂದೆ. ಮೂರಾದರೂ ಮಲ್ಕಾ ಇಲ್ಲ!

ಮರಿ ಬಿಟ್ಟುಬಂದ ತಾಯಿ ದಾರಿಯಲ್ಲಿ ಎಲ್ಲೂ ಕೂರುವುದಿಲ್ಲವೆಂದು ಪಂದ್ಯಕ್ಕೆ ಅಂಥದ್ದನ್ನೇ ಕಳಿಸುವುದು ವಾಡಿಕೆ. ಈಗ ಗೂಡಿನಲ್ಲಿ ಎರಡು ಎಳೆ ಮರಿಗಳು ಹಸಿದು ಬಾಯಿ ತೆರೆದಿದ್ದವು. ಮಲ್ಕಾಳ ಜೋಡಿ ಗಂಡು ಹಕ್ಕಿ ಅತ್ತ ಸುಳಿಯಲೇ ಇಲ್ಲ.

"ಕತ್ತಲೊಳಗೆ ತಾಯಿ ಬರ್ಲಿಲ್ಲಾಂದ್ರೆ ಮರಿ ಉಳಿಯಲ್ಲ," ಎಂದು ಬಾಷಾ ಹುಡುಕಲು ಪಾವಗಡಕ್ಕೇ ಹೊರಟು ಚೀಲ ಹಿಡಿದು ನಿಂತಿದ್ದರು.

ಅವರನ್ನು ತಡೆದವನು ಎದುರು ಮನೆಯ ಮುನಿಆಂಜಿನಪ್ಪ — ಸರ್ವೆ ಕಚೇರಿಯಲ್ಲಿ ಸರಪಳಿ ಹಿಡಿದು ಹೊಲ ಅಳೆಯುವವನು.

"ಏನಾಯ್ತೋ ಮಲ್ಕಾಗೆ?" ಎಂದು ನನ್ನನ್ನು ಕೇಳಿದ.

"ಗಿಡುಗ ಕಣಣ್ಣ! ಒಂದಲ್ಲ, ನಲವತ್ತು! ಆಕಾಶವೇ ಕಪ್ಪಾಗ್ಹೋಯ್ತು!"

"ನಲವತ್ತು ಗಿಡುಗ! ನಿನ್ ಬಹಾದ್ದೂರಂದು ಒಂದು ಪುಕ್ಕಾನೂ ಉದುರಿಲ್ವಲ್ಲ?"

"ಅವನು ಬಾಣ ಇದ್ದಂಗೆ! ಗಂಟೆಗೆ ನಲವತ್ತೆಂಟು ಮೈಲಿ. ಎಲ್ಲೂ ಕೂರಲ್ಲ, ತಿರುಗಲ್ಲ. ಪಾವಗಡ ತೊಂಬತ್ತಾರು ಮೈಲಿ — ಸರಿಯಾಗಿ ಎರಡು ಗಂಟೆ. ಒಂಬತ್ತಕ್ಕೆ ಬರ್ತಾನೆ ಅಂತ ನಿನ್ನೇನೇ ಹೇಳಿದ್ದೆ!"

"ಹೇಳಿದ್ದ," ಎಂದರು ಬಾಷಾ. "ಗಡಿಯಾರ ನೋಡ್ದೆ. ಒಂಬತ್ತಕ್ಕೇ ಬಂತು."

"ತೊಂಬತ್ತಾರು ಅಂತ ಯಾರಂದ್ರು?" ಎಂದ ಮುನಿಆಂಜಿನಪ್ಪ.

"ಬಸ್ ಕಂಡಕ್ಟರ್ರು! ಮೈಲಿಗಲ್ಲಿನ ಲೆಕ್ಕ ಅಣ್ಣ, ಸುಳ್ಳಲ್ಲ."

ಮುನಿಆಂಜಿನಪ್ಪ ಹಣೆ ಚಚ್ಚಿಕೊಂಡ. "ಅಯ್ಯೋ ನಿನ್ನ! ಪಾರಿವಾಳ ಏನು ರಸ್ತೆ ಹಿಡಿದು ಸುತ್ತಿ, ಬಸ್‌ಸ್ಟ್ಯಾಂಡಲ್ಲೆಲ್ಲ ನಿಂತು ಬರ್ತದಾ?"

ಮನೆಯಿಂದ ನಕ್ಷೆ ತಂದು ಹಾಸಿದ. ಪಾವಗಡದಿಂದ ಹೆಬ್ಬಾಳಕ್ಕೆ ದಾರ ಬಿಗಿಹಿಡಿದು ಅಳೆದ.

"ನೇರಕ್ಕೆ ಎಪ್ಪತ್ತೆರಡೇ ಮೈಲಿ. ನೀನಂದ ವೇಗಕ್ಕೆ ಒಂದೂವರೆ ಗಂಟೆ. ಎಂಟೂವರೆಗೇ ಬರ್ಬೇಕಿತ್ತು. ಮಿಕ್ಕ ಅರ್ಧ ಗಂಟೆ ಎಲ್ಲಿತ್ತೋ ನಿನ್ನ ಬಾಣ?"

"ಎದುರು ಗಾಳಿ ಅಣ್ಣ… ಬಿರುಗಾಳಿ…"

"ಬಿರುಗಾಳಿ ಬೀಸಿ, ನೀನಂದಿದ್ದ ನಿಮಿಷಕ್ಕೇ ತಂದು ಇಳಿಸ್ತಾ? ಯಾರೋ ಗಡಿಯಾರ ನೋಡ್ಕೊಂಡು ಹತ್ತಿರದಿಂದ ಬಿಟ್ರೆ ಮಾತ್ರ ಹಂಗ್ ಬರೋದು. ರಸ್ತೆ ಲೆಕ್ಕ ಹಾಕಿ ಸಿಕ್ಕಿಬಿದ್ದೆ ಕಣೋ. ಕಳ್ಳ ನೀನೇ! ಹೇಳು, ಈ ಯಜಮಾನ್ರು ಪಾವಗಡದ ಬಸ್ ಹತ್ಬೇಕಾ?"

ಬಾಷಾ ನನ್ನನ್ನೇ ನೋಡುತ್ತಿದ್ದರು. ಗೂಡಿನಲ್ಲಿ ಮರಿಗಳು ಕಿರುಗುಟ್ಟಿದವು.

"ಅಟ್ಟೂರಲ್ಲಿದೆ," ಎಂದೆ. "ಯಲಹಂಕದ ಪಕ್ಕ, ನಮ್ಮಕ್ಕ ಮಾರಕ್ಕನ ಮನೇಲಿ. ಚೆನ್ನಾಗೈತೆ. ಬಸ್ ಹತ್ತಿದ್ರೆ ನಂಗೆ ವಾಂತಿ ಕಣಣ್ಣ. ಯಲಹಂಕದಲ್ಲೇ ಇಳಿದುಬಿಟ್ಟೆ. ಇಳಿಯೋವಾಗ ಬುಟ್ಟಿ ಬಿದ್ದು ಮಲ್ಕಾ ರೆಕ್ಕೆ ಉಳುಕ್ತು. ಹೇಳೋಕೆ ಮುಖ ಇರ್ಲಿಲ್ಲ. ರಾತ್ರಿ ಅಕ್ಕನ ಮನೇಲೇ ಇದ್ದು, ಬೆಳಗ್ಗೆ ಒಂಬತ್ತಕ್ಕೆ ಹತ್ತು ನಿಮಿಷ ಇದೆ ಅನ್ನೋವಾಗ ಬಹಾದ್ದೂರ್‌ನ ಅಲ್ಲಿಂದ್ಲೇ ಬಿಟ್ಟೆ. ಪಾವಗಡ ನಾನು ಕಣ್ಣಲ್ಲೂ ನೋಡಿಲ್ಲ."

ಬಾಷಾ ಚೀಲ ಎಸೆದು ಸೈಕಲ್ ಎಳೆದರು. "ಹತ್ತೋ ಹಿಂದೆ! ಮನೆ ತೋರ್ಸು!"

ತಲೆ ತಗ್ಗಿಸಿ ಉಳಿದದ್ದನ್ನೂ ಒಪ್ಪಿಕೊಂಡೆ.

"ಸೈಕಲ್ ಹಿಂದೆ ಕೂತ್ರೂ ಹಂಗೇ ಆಗ್ತದೆ ಸಾಹೇಬ್ರೇ. ನೀವು ತುಳೀರಿ, ನಾನು ಓಡ್ಕೊಂಡ್ ಬರ್ತೀನಿ."