ಬೆನ್ನ ಮೇಲಿನ ಎರಡು ಲೀಟರ್ ನೀರು

"ಕುಡೀರಿ."

ಬೆನ್ನಿಗೆ ಕಟ್ಟಿದ್ದ ನೀರಿನ ಚೀಲದ ಕೊಳವೆಯನ್ನು ಭುಜದ ಮೇಲಿಂದ ಎಳೆದು ಸೌಂದರ್ಯಾ ಅವನ ಮುಂದೆ ಹಿಡಿದಳು.

ಸಿದ್ದಾರೂಢನ ತುಟಿಗಳು ಒಣಗಿ ಬಿರಿದಿದ್ದವು. ಅರ್ಧ ಗಂಟೆಯ ಹಿಂದೆ ಕತ್ತಿನಿಂದ ಸುರಿಯುತ್ತಿದ್ದ ಬೆವರು ಈಗ ನಿಂತೇ ಹೋಗಿತ್ತು. ಈ ಬಿಸಿಲಿನಲ್ಲಿ ಬೆವರು ನಿಂತರೆ ಅಪಾಯ ಎಂಬುದನ್ನು ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಕಲಿಸುವ ಸೌಂದರ್ಯಾಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವನು ಕೊಳವೆಯನ್ನು ನೋಡಿದ. ಅವಳ ಮುಖ ನೋಡಿದ. ಸುತ್ತ ನಿಂತ ಏಳೆಂಟು ಆಟಗಾರರನ್ನು ನೋಡಿದ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದ.

"ಬ್ಯಾಡ್ರಿ ಮೇಡಮ್."

"ಒಂದ್ ಗುಟುಕು ಕುಡೀರಿ. ನಿಮಗ ಕಣ್ಣಿಗೆ ಕತ್ತಲಿ ಬರಾಕತ್ತೈತಿ."

"ನಿಮ್ಮ ನೀರು ನನಗ ಬ್ಯಾಡ."

ನಿಮ್ಮ ನೀರು...

ಸೌಂದರ್ಯಾಳ ಕೈ ಚಾಚಿದಲ್ಲೇ ಉಳಿಯಿತು.

ಮುದ್ದೇಬಿಹಾಳದ ಹೊರಗೆ ಕಲ್ಲು ತೆಗೆದು ಕೈಬಿಟ್ಟ ಹಳೆಯ ಖಣಿಯೊಂದಿದೆ. ನಾಲತವಾಡದ ಸಿದ್ದಾರೂಢ ಮತ್ತು ಅವನ ಗೆಳೆಯ ಅಯೂಬ ಅದನ್ನು ಬಾಡಿಗೆಗೆ ಹಿಡಿದು, ಅಲ್ಲಲ್ಲಿ ಟೈರು, ಡ್ರಮ್ಮು ಪೇರಿಸಿ ಏರ್‌ಸಾಫ್ಟ್ ಆಟದ ಮೈದಾನ ಮಾಡಿದ್ದರು. ಬ್ಯಾಟರಿ ಬಂದೂಕು, ತೊಗರಿಕಾಳಿನಷ್ಟು ದಪ್ಪದ ಪ್ಲಾಸ್ಟಿಕ್ ಗುಂಡು, ಮುಖಕ್ಕೆ ಮುಖವಾಡ. ಗುಂಡು ತಗುಲಿದರೆ ಚುರ್ ಎನ್ನುತ್ತದೆ, ಅಷ್ಟೇ. ಆದರೆ ಏಪ್ರಿಲ್ ತಿಂಗಳಲ್ಲಿ ದಪ್ಪ ಅಂಗಿ ತೊಟ್ಟು, ಕಾದ ಕಲ್ಲುಗಳ ನಡುವೆ ಬಗ್ಗಿ ಓಡುವುದಿದೆಯಲ್ಲ, ಅಲ್ಲಿ ಎದುರಾಳಿಗಿಂತ ಬಿಸಿಲೇ ಹೆಚ್ಚು ಜನರನ್ನು ಔಟ್ ಮಾಡುತ್ತಿತ್ತು.

ಡಿಸೆಂಬರ್‌ನಿಂದ ಪ್ರತಿ ಭಾನುವಾರ ಸೌಂದರ್ಯಾ ಅಲ್ಲಿಗೆ ಬರುತ್ತಿದ್ದಳು. ಪ್ರತಿ ಭಾನುವಾರ ಇಬ್ಬರಿಗೂ ನೀರಿನ ಮೇಲೇ ಜಗಳ! ಬಾಟಲಿ ಕಟ್ಟಿಕೊಂಡರೆ ಓಡುವಾಗ ಗುಳುಗುಳು ಸದ್ದು ಬಂದು ಅಡಗಿದ ಜಾಗ ಗೊತ್ತಾಗುತ್ತದೆ, ಮೇಲಾಗಿ ಭಾರ ಎಂಬುದು ಅವನ ವಾದ. ಚೀಲದ ಗಾಳಿಯನ್ನೆಲ್ಲ ಹೀರಿ ತೆಗೆದರೆ ಸದ್ದೇ ಬರುವುದಿಲ್ಲ, ಬಾಯಾರುವ ಮೊದಲೇ ಕಾಲು ಗಂಟೆಗೊಮ್ಮೆ ಎರಡು ಗುಟುಕು ಕುಡಿಯಬೇಕು, ಚಹಾ ಕುಡಿದದ್ದು ಲೆಕ್ಕಕ್ಕಿಲ್ಲ ಎಂಬುದು ಅವಳ ಪಾಠ. ಅವನು ನಗುತ್ತ ಕೇಳುತ್ತಿದ್ದ. ಮುಂದಿನ ವಾರ ಮತ್ತೆ ಬರಿಗೈಯಲ್ಲಿ ಬಂದು, ಮತ್ತೆ ಬೈಸಿಕೊಳ್ಳುತ್ತಿದ್ದ.

ಬೈಸಿಕೊಳ್ಳಲೆಂದೇ ಬರುತ್ತಾನೇನೋ ಎಂದು ಅವಳಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು. ಹಾಗನ್ನಿಸಿದ ದಿನ ಬಸ್ಸಿನ ಕಿಟಕಿಗೆ ತಲೆ ಆನಿಸಿ ಒಬ್ಬಳೇ ನಗುತ್ತಿದ್ದಳು. ಪ್ರೀತಿಗೆ ಕಣ್ಣಿಲ್ಲ ಎನ್ನುತ್ತಾರೆ. ಸಿದ್ದಾರೂಢನ ಪ್ರೀತಿಗೆ ಬಾಯಿಯೂ ಇರಲಿಲ್ಲ. ನಾಲ್ಕು ತಿಂಗಳಾದರೂ ಅವನು ಒಂದು ಮಾತು ಆಡಿರಲಿಲ್ಲ, ಅವಳೂ ಕೇಳಿರಲಿಲ್ಲ.

ಈಗ ಆಡಿದ ಮಾತು ಇದು. ನಿಮ್ಮ ನೀರು ನನಗ ಬ್ಯಾಡ.

ಸೌಂದರ್ಯಾ ಕೊಳವೆಯನ್ನು ಭುಜಕ್ಕೆ ಸಿಕ್ಕಿಸಿಕೊಂಡಳು. ಜೇಬಿನಿಂದ ಉಪ್ಪು-ಸಕ್ಕರೆಯ ಪುಡಿಯ ಎರಡು ಪೊಟ್ಟಣ ತೆಗೆದು ಅಯೂಬನ ಕೈಗಿಟ್ಟಳು. ಬಾಗಿಲ ಬಳಿಯ ಕ್ಯಾನಿನ ನೀರಿನಲ್ಲಿ ಕಲಸಿ ಸ್ವಲ್ಪ ಸ್ವಲ್ಪವೇ ಕುಡಿಸು, ನೆರಳಿಗೆ ಕರೆದೊಯ್ದು ಕತ್ತಿಗೆ ಒದ್ದೆ ಬಟ್ಟೆ ಹಾಕು, ತಡಮಾಡದೆ ಡಾಕ್ಟರರಿಗೆ ತೋರಿಸು ಎಂದು ಹೇಳಿ, ಹಿಂದಿರುಗಿ ನೋಡದೆ ನಡೆದಳು. ಸಿಟ್ಟು ಎಷ್ಟೇ ಇರಲಿ, ನೀರಿಲ್ಲದವನನ್ನು ಹಾಗೇ ಬಿಟ್ಟು ಹೋಗುವುದು ಅವಳಿಂದ ಆಗುವಂಥದ್ದಲ್ಲ.

ಬಸ್ಸು ಹತ್ತಿದ ಮೇಲೆಯೇ ಅವಳ ಕಣ್ಣು ತುಂಬಿದ್ದು.

ಅವಳ ಊರು ಸಿಂದಗಿ ತಾಲೂಕಿನ ಯಂಕಂಚಿ. ಅವಳಿಗೆ ಏಳು ವರ್ಷವಿದ್ದಾಗ, ಅವ್ವ ಹನಮವ್ವ ಅವಳನ್ನೂ ಕರೆದುಕೊಂಡು ಪಕ್ಕದೂರಿನ ಹೊಲವೊಂದಕ್ಕೆ ಜೋಳದ ಕೊಯ್ಲಿಗೆ ಹೋಗಿದ್ದಳು. ಮಧ್ಯಾಹ್ನ ಎಲ್ಲರಿಗೂ ತಂಬಿಗೆಯಲ್ಲಿ ನೀರು ಕೊಟ್ಟ ಮನೆಯಾಕೆ, ಅವ್ವನಿಗೆ ಮಾತ್ರ ಮೇಲಿಂದ ಬೊಗಸೆಗೆ ಹೊಯ್ದಳು. ಅರ್ಧ ನೀರು ಮೊಣಕೈಯಿಂದ ಇಳಿದು ಮಣ್ಣು ಸೇರಿತು. ನಮಗ್ಯಾಕ ತಂಬಿಗಿ ಕೊಡಲಿಲ್ಲ ಎಂದು ದಾರಿಯಲ್ಲಿ ಮಗಳು ಕೇಳಿದ್ದಕ್ಕೆ, ಬಿಸಿಲು ಭಾಳ ಐತಿ, ಲಗೂನ ನಡಿ ಯವ್ವಾ ಎಂದಷ್ಟೇ ಹೇಳಿ ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಿದ್ದಳು.

ಅಂದಿನಿಂದ ಸೌಂದರ್ಯಾ ಎಲ್ಲಿಗೆ ಹೋದರೂ ತನ್ನ ನೀರನ್ನು ತಾನೇ ಹೊತ್ತುಕೊಂಡು ಹೋಗುತ್ತಿದ್ದಳು. ಸಾಲಿಗೆ, ಕಾಲೇಜಿಗೆ, ನೌಕರಿಯ ಸಂದರ್ಶನಕ್ಕೆ... ಯಾರ ಮುಂದೆಯೂ ಬೊಗಸೆ ಒಡ್ಡಬಾರದು ಎಂಬುದೊಂದೇ ಅವಳ ಹಟ. ಆ ನೀರನ್ನು ಮೊದಲ ಬಾರಿಗೆ ತಾನಾಗಿ ಒಬ್ಬನಿಗೆ ಕೊಡಹೋಗಿದ್ದಳು.

'ಇವನೂ ಅವರಂಥವನೇ? ನಾಲ್ಕು ತಿಂಗಳು ನಗುತ್ತ ಮಾತಾಡಿದ್ದು ಬರೀ ಮೇಲಿನ ಬಣ್ಣವೇ?'

ಮೂರು ಭಾನುವಾರ ಅವಳು ಖಣಿಯ ಕಡೆ ಸುಳಿಯಲಿಲ್ಲ. ಸಿದ್ದಾರೂಢನ ಫೋನು ಎತ್ತಲಿಲ್ಲ. ಹಾಸ್ಟೆಲ್ ಕೋಣೆಯ ಮೊಳೆಗೆ ನೇತುಹಾಕಿದ ನೀರಿನ ಚೀಲವನ್ನು ತೆಗೆದು ಮಂಚದ ಕೆಳಗೆ ತಳ್ಳಿದಳು.

ನಾಲ್ಕನೆಯ ವಾರ ಅಯೂಬನೇ ಕಾಲೇಜಿಗೆ ಬಂದ. ಸಿಂದಗಿಯ ತಂಡದ ಜೊತೆ ಪಂದ್ಯವಿದೆ, ನೀವಿಲ್ಲದಿದ್ದರೆ ಸೋಲುತ್ತೇವೆ ಎಂದು ಗೋಗರೆದ. ಮಾತಿನ ನಡುವೆ, ಅಂದು ಸಿದ್ದಾರೂಢ ಆಸ್ಪತ್ರೆಯಲ್ಲಿ ಎರಡು ಬಾಟಲಿ ಸಲೈನ್ ಹಾಕಿಸಿಕೊಂಡು ಮಲಗಿದ್ದನ್ನೂ ಹೇಳಿದ. ಸಿಟ್ಟಿನಲ್ಲಿದ್ದರೂ ಸೌಂದರ್ಯಾ ಈಗ ಹೇಗಿದ್ದಾನೆ ಎಂದು ಕೇಳಿದಳು.

"ಅಕ್ಕಾರ, ಅಂವಾ ಈಗ ಮದ್ಲಿನಂಗ ಇಲ್ರಿ," ಅಂದ ಅಯೂಬ. "ಒಂದ್ಸಲ ಬಂದ್ ನೋಡ್ರಿ."

ಅವಳು ಬರುತ್ತೇನೆ ಎಂದಳು. ಆಡಲಿಕ್ಕಲ್ಲ. ಒಂದು ಮಾತು ಕೇಳಲೇಬೇಕಾಗಿತ್ತು, ಕೇಳದೆ ಇನ್ನೊಂದು ವಾರ ಬದುಕುವುದು ಸಾಧ್ಯವಿರಲಿಲ್ಲ.

ಖಣಿಯ ಬಾಗಿಲಲ್ಲಿ ಹೊಸ ಬೋರ್ಡು. ಎರಡು ಲೀಟರ್ ನೀರಿಲ್ಲದವರಿಗೆ ಪ್ರವೇಶವಿಲ್ಲ. ಸಿದ್ದಾರೂಢ ತಾನೇ ನಿಂತು ಒಬ್ಬೊಬ್ಬರ ಚೀಲ ಎತ್ತಿ ನೋಡಿ ಒಳಗೆ ಬಿಡುತ್ತಿದ್ದ. ಅವನ ಬೆನ್ನಿಗೂ ನೀರಿನ ಚೀಲ ಬಂದಿತ್ತು. ಮುಖ ಸೊರಗಿತ್ತು. ಅವಳನ್ನು ಕಂಡವನೇ ಕೈಯಲ್ಲಿದ್ದ ಪಟ್ಟಿಯನ್ನು ಅಯೂಬನಿಗೆ ಕೊಟ್ಟು ಬಂದ.

ಡ್ರಮ್ಮುಗಳ ಸಾಲಿನ ಹಿಂದೆ ನೆರಳಿತ್ತು. ಇಬ್ಬರೂ ಅಲ್ಲಿ ನಿಂತರು.

"ನಮ್ಮ ನೀರು ನಿಮಗ್ಯಾಕ ಬ್ಯಾಡಾತು?" ಸೌಂದರ್ಯಾ ನೇರವಾಗಿ ಕೇಳಿದಳು. "ಖರೇ ಹೇಳ್ರಿ. ನಾನು ಕೇಳಿ ಹೋಗ್ತೇನಿ."

ಸಿದ್ದಾರೂಢ ತಲೆ ತಗ್ಗಿಸಿದ. ಹೇಳಲು ಅವನಿಗೆ ನಾಚಿಕೆಯಾಗುತ್ತಿರುವುದು ಕಾಣುತ್ತಿತ್ತು.

"ಅದು... ನಿಮ್ಮ ಎಂಜಲಾಗಿತ್ತಲ್ರಿ," ಅಂದ. "ತಂಬಿಗಿ ಇದ್ರ ಎತ್ತಿ ಕುಡೀಬಹುದು. ಅದನ್ನ ಬಾಯಾಗ ಇಟ್ಕೊಬೇಕು. ನಮ್ಮ ಕಡೆ ಒಬ್ಬರ ಎಂಜಲಾ ಒಬ್ಬರು ಕುಡಿಯೋದು ಗಂಡ ಹೆಂಡ್ತಿ ಅಷ್ಟ. ಅಷ್ಟು ಮಂದಿ ಮುಂದ ನಾ ಕುಡದಿದ್ರ ಸಂಜೀಕ ಮುದ್ದೇಬಿಹಾಳ ತುಂಬ ನಿಮ್ಮ ಹೆಸರು ಓಡ್ಯಾಡತಿತ್ತು. ಕಾಲೇಜಿನಾಗ ಕಲಸಾವ್ರು ನೀವು."

ಸುಳ್ಳು ಹೇಳುವವನ ಮುಖ ಅದಾಗಿರಲಿಲ್ಲ. ಎದೆಯ ಮೇಲಿಂದ ಒಂದು ಕಲ್ಲು ಇಳಿದಂತಾಯಿತು, ಆದರೆ ಅದರ ಕೆಳಗೆ ಇನ್ನೊಂದಿತ್ತು.

"ನಿಮ್ಮ ನೀರು ಅಂದ್ರಿ," ಅಂದಳು ಮೆಲ್ಲಗೆ. "ನಮ್ಮ ಮಂದಿಗೆ ಆ ಮಾತು ಬ್ಯಾರೇನ ಕೇಳಸ್ತೈತಿ. ನಮ್ಮ ಅವ್ವ ಬೊಗಸ್ಯಾಗ ನೀರು ಕುಡದಾಕಿ. ನಾ ಕಣ್ಣಾರೆ ನೋಡೇನಿ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ಮುಖ ಕಪ್ಪಿಟ್ಟಿತು.

"ಅಯ್ಯೋ... ಅದು ನನ್ನ ತಲ್ಯಾಗೂ ಬರಲಿಲ್ರಿ!"

"ಬರಂಗಿಲ್ಲ. ನಿಮಗ ಎಂದೂ ಅದನ್ನ ವಿಚಾರ ಮಾಡೂ ಜರೂರತ್ ಬಿದ್ದಿಲ್ಲ. ನನಗ ದಿನಾ ಬೀಳ್ತೈತಿ."

ಆ ಮಾತಿಗೆ ಅವನು ಎದುರಾಡಲಿಲ್ಲ. ಸಮಜಾಯಿಷಿ ಕೊಡಲಿಲ್ಲ. ತಪ್ಪಾತು ಎಂದು ಒಂದೇ ಮಾತು ಹೇಳಿದ. ಅಷ್ಟು ಸಲೀಸಾಗಿ ತಪ್ಪೊಪ್ಪಿಕೊಂಡ ಗಂಡಸನ್ನು ಸೌಂದರ್ಯಾ ಅದುವರೆಗೆ ಕಂಡಿರಲಿಲ್ಲ.

"ನಮ್ಮ ಮನಿಗೆ ಬಂದು ನೀರು ಕುಡೀತೀರೇನು?" ಎಂದು ಕೇಳಿದಳು.

"ಇವತ್ತ ಬರ್ತೇನಿ."

"ನಿಮ್ಮ ಅವ್ವ?"

ಅವನದು ನಾಲತವಾಡದ ದೊಡ್ಡ ಒಕ್ಕಲುತನದ ಮನೆ, ಗಂಡನಿಲ್ಲದೆ ಹದಿನೈದು ವರ್ಷ ಹೊಲ ಮನೆ ಎರಡನ್ನೂ ನಡೆಸಿದ ಗಟ್ಟಿ ಹೆಂಗಸು ಅವನ ಅವ್ವ ಗುರವ್ವ. ಹೂಂ ಎಂದುಬಿಡುವುದು ಅವನಿಗೆ ಸುಲಭವಿತ್ತು.

"ಗೊತ್ತಿಲ್ರಿ," ಅಂದ. "ಸುಳ್ಳು ಹೇಳಂಗಿಲ್ಲ ನಾ. ಎಲ್ಲಾ ಹೇಳಿ ಕೇಳ್ತೇನಿ."

ಅವನು ಸುಳ್ಳು ಹೇಳಲಿಲ್ಲ ಎಂಬುದೇ ಅವಳಿಗೆ ಆ ದಿನದ ಸಮಾಧಾನ. ಸಿಂದಗಿಯವರ ಜೊತೆ ಆಡಿದಳು. ಆಟ ಗಂಟೆಗೊಮ್ಮೆ ನಿಲ್ಲುತ್ತಿತ್ತು, ಎಲ್ಲರೂ ನೆರಳಿಗೆ ಬಂದು ಮುಖವಾಡ ತೆಗೆದು ನೀರು ಕುಡಿಯಲೇಬೇಕಿತ್ತು. ಅದು ಕೂಡ ಅವನದೇ ಹೊಸ ನಿಯಮ. ಪಂದ್ಯ ಗೆದ್ದರು. ಗೆದ್ದದ್ದು ಅವಳ ತಲೆಗೆ ಹೋಗಲೇ ಇಲ್ಲ.

ಎರಡು ದಿನದ ಮೇಲೆ ಫೋನಿನಲ್ಲಿ ಒಂದು ಸಾಲು ಬಂತು. ಅವ್ವಗ ಹೇಳಿದೆ. ಆಮೇಲೆ ಎಂಟು ದಿನ ಏನೂ ಇಲ್ಲ...

ಆ ಎಂಟು ದಿನ ಸೌಂದರ್ಯಾ ಹೇಗೆ ಕಳೆದಳೋ ಅವಳಿಗೇ ಗೊತ್ತು. ಆಗದು ಎಂದು ಮನಸ್ಸಿಗೆ ನೂರು ಸಲ ಹೇಳಿಕೊಂಡಳು. ಆಗಬಹುದು ಎಂದು ನೂರಾ ಒಂದನೆಯ ಸಲ ಅನ್ನಿಸುತ್ತಿತ್ತು. ಒಂಬತ್ತನೆಯ ದಿನ ಸಿದ್ದಾರೂಢ ಫೋನು ಮಾಡಿ, ನಾನು ಅವ್ವ ಈ ಐತವಾರ ಯಂಕಂಚಿಗೆ ಬರುತ್ತೇವೆ ಎಂದ. ಅವ್ವ ಒಪ್ಪಿದರೇ ಎಂದು ಅವಳು ಕೇಳಿದ್ದಕ್ಕೆ, ನೋಡಿ ಬರತೇನಿ ಅಂದಾಳ, ಅಷ್ಟ ಅಂದಾಳ ಎಂದ.

ಭಾನುವಾರ ನಾಲ್ಕು ಗಂಟೆಗೆ ಅಯೂಬನ ಕಾರು ಮನೆಯ ಮುಂದೆ ನಿಂತಿತು. ಸೌಂದರ್ಯಾಳ ಅಪ್ಪ, ನಿವೃತ್ತ ಸಾಲಿ ಮಾಸ್ತರ ಶಂಕ್ರೆಪ್ಪ, ಓಡಿಹೋಗಿ ಬರಮಾಡಿಕೊಂಡರು. ಗುರವ್ವ ಹಗ್ಗದ ಹೊರಸಿನ ಮೇಲೆ ಕೂತು ಸುತ್ತ ನೋಡಿದಳು. ಗೋಡೆಯ ಮೇಲೆ ಬುದ್ಧನ ಪಟ, ಕಪಾಟಿನ ತುಂಬ ಪುಸ್ತಕ. ಆಕೆಯ ಮುಖದಲ್ಲಿ ಏನೂ ಓದಲಾಗಲಿಲ್ಲ. ಸಿದ್ದಾರೂಢ ಕೈ ಹಿಸುಕಿಕೊಳ್ಳುತ್ತ ಪಕ್ಕದಲ್ಲಿ ನಿಂತಿದ್ದ.

ಹನಮವ್ವ ಒಳಗಿನಿಂದ ತಟ್ಟೆ ಹಿಡಿದು ಬಂದಳು.

ತಟ್ಟೆಯಲ್ಲಿ ಅಂಗಡಿಯ ನೀರಿನ ಬಾಟಲಿ! ಸೀಲು ಒಡೆಯದ್ದು. ಪಕ್ಕದಲ್ಲಿ ಬಿಚ್ಚದ ಬಿಸ್ಕೀಟಿನ ಪುಡಿಕೆ.

ಮಗಳಿಗೆ ಗೊತ್ತಾಗದಂತೆ ಅವ್ವ ಬೆಳಿಗ್ಗೆಯೇ ತರಿಸಿಟ್ಟಿದ್ದಳು. ದೊಡ್ಡ ಮನೆಯವರು ನಮ್ಮ ಗಡಿಗೆಯ ನೀರು ಬೇಡ ಎಂದರೆ ಮಗಳ ಮುಖ ನೋಡುವುದು ಹೇಗೆ? ಅದಕ್ಕೆ ಬೇಡ ಎನ್ನುವ ಪ್ರಸಂಗವೇ ಬಾರದಂತೆ ಮಾಡಿದ್ದಳು. ಅವ್ವನ ಈ ಜಾಣತನ ಕಂಡು ಸೌಂದರ್ಯಾಳಿಗೆ ಅಲ್ಲೇ ಕುಸಿದು ಅಳಬೇಕೆನ್ನಿಸಿತು.

ಸಿದ್ದಾರೂಢ ಏನೋ ಹೇಳಲು ಮುಂದಾದ. ಗುರವ್ವ ಕೈಯೆತ್ತಿ ತಡೆದಳು. ಬಾಟಲಿ ಎತ್ತಿಕೊಂಡು ಸೀಲು ನೋಡಿದಳು. ಹನಮವ್ವನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು.

"ಯವ್ವಾ, ನಿಮ್ಮ ಮನ್ಯಾಗ ನೀರಿಲ್ಲೇನು?"

"ಐತ್ರಿ..." ಹನಮವ್ವ ತಲೆ ತಗ್ಗಿಸಿದಳು. "ನೀವು ಕುಡೀತೀರೋ ಇಲ್ಲೋ ಅಂತ..."

ಗುರವ್ವ ಬಾಟಲಿಯನ್ನು ತಟ್ಟೆಯಲ್ಲಿ ವಾಪಸಿಟ್ಟಳು.

"ಬೀಗರ ಮನಿಗೆ ಬಂದು ಅಂಗಡಿ ನೀರು ಕುಡದು ಹೋಗ್ಲೇನು ನಾ? ಗಡಿಗಿ ನೀರು ಕೊಡ್ರಿ."

ಬೀಗರು!

ಹನಮವ್ವ ಒಳಗೆ ಓಡಿದಳು. ತುಂಬಿದ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಕೊಟ್ಟಳು. ಗುರವ್ವ ನಿಲ್ಲಿಸದೆ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಹನಮವ್ವನನ್ನು ಕೈಹಿಡಿದು ತನ್ನ ಪಕ್ಕದಲ್ಲೇ ಕೂಡಿಸಿಕೊಂಡಳು.

"ಖರೇ ಹೇಳ್ತೇನ್ರಿ," ಅಂದಳು. "ಹತ್ತು ದಿನ ಮಗನ ಕೂಡ ಜಗಳಾ ಮಾಡೇನಿ. ಕಾರಿನಾಗ ಕೂತಾಗೂ ನನ್ನ ಮನಸ್ಸು ಗಟ್ಟಿ ಇರಲಿಲ್ಲ. ಈ ಬಾಟ್ಲಿ ನೋಡಿ ನನಗ ನಾಚಿಕಿ ಆತು. ಮನಿಗೆ ಬಂದವ್ರಿಗೆ ನೀರು ಕೊಡಾಕ ಒಬ್ಬಾಕಿ ಹೆಣ್ಮಗಳು ಹಿಂಗ ಅಂಜಬೇಕಾತಲ್ಲ ಅಂತ."

ಹನಮವ್ವ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಗುರವ್ವ ಅವಳ ಬೆನ್ನು ಸವರುತ್ತ ಕೂತಳು.

ಸೌಂದರ್ಯಾಳಿಗೆ ಒಳಗೆ ನಿಲ್ಲಲಾಗಲಿಲ್ಲ. ಹಿತ್ತಲಿನ ಬೇವಿನ ಮರದ ಕೆಳಗೆ ಬಂದು ನಿಂತಳು. ಸ್ವಲ್ಪ ಹೊತ್ತಿಗೆ ಸಿದ್ದಾರೂಢನೂ ಬಂದ.

"ನಿಮ್ಮ ಅವ್ವ ಬೀಗರು ಅಂದ್ಬಿಟ್ರು," ಅಂದಳು ಅವಳು ಆಚೆ ನೋಡುತ್ತಲೇ. "ನೀವಿನ್ನೂ ನನಗ ಏನೂ ಕೇಳೇ ಇಲ್ಲ."

"ಅಂಜಿಕಿ ಇತ್ತು," ಅಂದ. "ನೀವು ಇಲ್ಲ ಅಂದ್ರ ಐತವಾರಕ್ಕ ಬರೂದನ್ನೂ ಬಿಡ್ತೀರಿ ಅಂತ."

"ಈಗ ಕೇಳ್ರಿ."

ಅವನು ಒಮ್ಮೆ ಉಸಿರೆಳೆದುಕೊಂಡ.

"ಸೌಂದರ್ಯಾ... ನನ್ನ ಮದುವಿ ಆಗ್ತಿಯೇನು?"

ನಾಲ್ಕೈದು ತಿಂಗಳಲ್ಲಿ ಮೊದಲ ಸಲ ಅವನು ಅವಳ ಹೆಸರು ಹಿಡಿದು ಕರೆದಿದ್ದ. ಅವಳು ತಿರುಗಿ ಅವನ ಮುಖ ನೋಡಿದಳು.

"ಆಗ್ತೇನಿ."

ಅಷ್ಟು ಹೇಳುವಷ್ಟರಲ್ಲಿ ತಡೆದಿಟ್ಟಿದ್ದ ಕಣ್ಣೀರೆಲ್ಲ ಕೆನ್ನೆಗಿಳಿಯಿತು. ಸಿದ್ದಾರೂಢ ಗಾಬರಿಯಾಗಿ ಹತ್ತಿರ ಬಂದ.

"ಯಾಕ ಅಳಾಕತ್ತಿ?"

"ಏಳು ವರ್ಷದಾಕಿ ಇದ್ದಾಗಿಂದ ತಡಕೊಂಡೇನಿ," ಅಂದಳು ಅಳುತ್ತಲೇ ನಗುತ್ತ. "ಇವತ್ತ ಒಂದಿನ ಅಳಾಕ ಬಿಡ್ರಿ."

"ಅಳು," ಅಂದ ಅವನು ಅವಳ ಕೈ ಹಿಡಿದು. "ನಾ ಇಲ್ಲೇ ನಿಂತಿರ್ತೇನಿ."