ಆಶೀರ್ವಾದ ಆದ ಯಂತ್ರ

ಮಾರ್ಚ್ ಹನ್ನೆರಡು, ಮಂಗಳವಾರ ಬೆಳಿಗ್ಗೆ ಎಂಟು ಗಂಟೆಗೆ ಪೊಯೆನಿತ್ಸಾ ಪೊಲೀಸ್ ಠಾಣೆಗೆ ಒಂದು ದೂರು ಬಂತು. ತಂದವನು ಬ್ರಾದೆಟ್ ಜಿಲ್ಲೆಯ ಆರೋಗ್ಯ ನಿರ್ದೇಶಕ ಡಾಕ್ಟರ್ ಸೆಪ್ಟಿಮಿಯು ತೊದೋರಾನ್. ಚಿಕಿತ್ಸಾಲಯದಲ್ಲಿ ಜ್ವರದ ಗುಳಿಗೆಯಿಲ್ಲವೆಂದು ಊರಿನವರು ಎರಡು ಚಳಿಗಾಲ ಬರೆದುಕೊಂಡಾಗ ಈ ಕಡೆ ತಲೆಹಾಕದಿದ್ದ ಮನುಷ್ಯ, ಅಂದು ಹಿಮ ಕರಗಿ ರಾಡಿಯಾದ ದಾರಿಯಲ್ಲಿ ತಾನೇ ಕಾರು ಓಡಿಸಿಕೊಂಡು ಬಂದಿದ್ದ.

"ಚಿಕಿತ್ಸಾಲಯದ ಸ್ಕ್ಯಾನಿಂಗ್ ಯಂತ್ರ ಕಳುವಾಗಿದೆ," ಎಂದ. "ಬಸುರಿಯರನ್ನ ನೋಡೋದು. ಬರ್ಕೊಳ್ಳಿ. ಗುಜರಿ ಲಿಸಾಂದ್ರು ಕದ್ದಿದಾನೆ."

ಇನ್ಸ್‌ಪೆಕ್ಟರ್ ವೆತುರಿಯಾ ಮೊಗೊಶ್ ಪೆನ್ನು ಎತ್ತಿಕೊಳ್ಳಲಿಲ್ಲ. "ನೀವು ಕಣ್ಣಾರೆ ಕಂಡ್ರಾ?"

"ಕಾಣಬೇಕಾ? ಕುದುರೆ ಗಾಡಿ ಕಟ್ಕೊಂಡು ಕಬ್ಬಿಣ ಆಯೋನು ಈ ಊರಲ್ಲಿ ಇನ್ಯಾರಿದಾನೆ?"

"ಚಿಕಿತ್ಸಾಲಯದ ಬಾಗಿಲು ತೆಗೆಯೋದು ಒಂಬತ್ತಕ್ಕೆ. ಕಳುವಾಗಿದ್ದು ನಿಮಗೆ ಹೇಗೆ ಗೊತ್ತಾಯ್ತು?"

"ಯಾರೋ ಹಿತೈಷಿಗಳು ಫೋನ್ ಮಾಡಿದ್ರು."

"ಹೆಸರು?"

"ಹಿತೈಷಿಗಳಿಗೆ ಹೆಸರು ಇರುತ್ತೇನ್ರೀ?"

ಎಫ್‌ಐಆರ್ ದಾಖಲಾಯಿತು. ನಿರ್ದೇಶಕರು ಹೆಸರಿಸಿದವನನ್ನು ಹಿಡಿಯದಿದ್ದರೆ ಮೇಲಿನಿಂದ ಕೇಳುತ್ತಾರೆ. ಆದಕಾರಣ ಕಾನ್‌ಸ್ಟೆಬಲ್ ನಿಕಾನೋರ್ ಹೋಗಿ ಲಿಸಾಂದ್ರುವನ್ನು ಕರೆತಂದು ಲಾಕಪ್ಪಿಗೆ ಹಾಕಿದ. ತೊದೋರಾನ್ ತನಗೆ ಶನಿವಾರದ ಸಮಾರಂಭದ ತಯಾರಿ ಇದೆಯೆಂದು ಹೇಳಿ ಜಿಲ್ಲಾ ಕೇಂದ್ರಕ್ಕೆ ಹೊರಟುಹೋದ.

ಪಂಚನಾಮೆ ಚಿಕಿತ್ಸಾಲಯದಲ್ಲಿ ನಡೆಯಿತು. ಆ ಕಟ್ಟಡ ಗ್ರಾಮಸಭೆಯದು, ಒಳಗಿನ ಯಂತ್ರ ಜಿಲ್ಲೆಯದು, ವೈದ್ಯರ ಸಂಬಳ ರಾಜಧಾನಿಯ ವಿಮಾ ನಿಧಿಯದು. ಛಾವಣಿ ಸೋರಿದರೆ ಜಿಲ್ಲೆ ಗ್ರಾಮಸಭೆಯ ಕಡೆ ಕೈ ತೋರಿಸುತ್ತಿತ್ತು; ವೈದ್ಯರಿಲ್ಲವೆಂದರೆ ಗ್ರಾಮಸಭೆ ರಾಜಧಾನಿಯ ಕಡೆ ಕೈ ತೋರಿಸುತ್ತಿತ್ತು. ರೋಗಿ ಯಾರ ಬಾಬ್ತು ಎಂಬುದನ್ನು ಯಾವ ಆದೇಶವೂ ಹೇಳಿರಲಿಲ್ಲ. ಮೂರೂ ಕಡೆಯವರು ಒಟ್ಟಾಗಿ ಬರುತ್ತಿದ್ದದ್ದು ಉದ್ಘಾಟನೆಗಳಿಗೆ. ರಿಬ್ಬನ್ನಿಗೆ ಮಾತ್ರ ಆ ಜಿಲ್ಲೆಯಲ್ಲಿ ಎಂದೂ ಹಣದ ಕೊರತೆ ಬಿದ್ದದ್ದಿಲ್ಲ.

ಬೀಗ ಒಡೆದಿತ್ತು. ಯಂತ್ರವಿದ್ದ ಮೂಲೆಯಲ್ಲಿ ಅದಕ್ಕೆ ಹೊದಿಸಿದ್ದ ಕಸೂತಿಯ ಬಿಳಿ ಬಟ್ಟೆ ನಾಲ್ಕು ಮಡಿಕೆಯಾಗಿ ಕುರ್ಚಿಯ ಮೇಲಿತ್ತು. ನೆಲದ ಮೇಲೆ ಒಣಗಿ ಕಪ್ಪಾದ ಕೆಲವು ಎಲೆಗಳು.

"ಕಳ್ಳ ಬಟ್ಟೆ ಮಡಿಸಿಟ್ಟು ಹೋಗಿದಾನೆ, ಮೇಡಂ," ಎಂದ ನಿಕಾನೋರ್. "ನನ್ನ ಹೆಂಡತಿ ನೋಡಿದ್ರೆ ಅವನನ್ನೇ ಕಟ್ಕೋತಿದ್ಲು."

ಇನ್ಸ್‌ಪೆಕ್ಟರ್ ಒಂದು ಎಲೆಯನ್ನು ಬೆರಳಲ್ಲಿ ಉಜ್ಜಿ ಮೂಸಿದಳು. ಕಾಮಕಸ್ತೂರಿ.

"ಈ ಯಂತ್ರ ಕೆಲಸ ಮಾಡ್ತಿತ್ತಾ?" ಎಂದು ಕಸ ಗುಡಿಸುವ ಅಂಗೆಲೀನಾಳನ್ನು ಕೇಳಿದಳು.

ಮುದುಕಿ ತಲೆವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡಳು. "ಅದಕ್ಕೆ ಆಶೀರ್ವಾದ ಆಗಿತ್ತವ್ವ."

"ನಾನು ಕೇಳಿದ್ದು ಅದಲ್ಲ."

"ನಾನು ಹೇಳಿದ್ದು ಅದೇ. ಉದ್ಘಾಟನೆ ದಿನ ಆಶೀರ್ವಾದ ಆಯ್ತು, ಆಮೇಲೆ ಬಟ್ಟೆ ಹೊದಿಸಿದ್ರು. ಮುಟ್ಟಬೇಡ ಅಂದ್ರು, ಮುಟ್ಟಲಿಲ್ಲ. ಈಗ ಸೋಮವಾರ ಯಾರೋ ಡಾಕ್ಟರಮ್ಮ ಬರ್ತಾರಂತೆ. ಬಂದ ತಕ್ಷಣ ಯಂತ್ರ ಹಚ್ಚಿ ನೋಡ್ತೀನಿ ಅಂದಿದಾರಂತೆ. ಪಾಪ, ಈಗ ಏನು ಹಚ್ತಾರೆ?"

ಇಗರ್ಜಿ ಇದ್ದದ್ದು ಪಕ್ಕದಲ್ಲಿಯೇ. ಆ ಸೀಮೆಯಲ್ಲಿ ಹೊಸತಾಗಿ ಬಂದ ಯಾವ ವಸ್ತುವೂ ಪಾದ್ರಿಯ ತೀರ್ಥವಿಲ್ಲದೆ ಬಳಕೆಗೆ ಬರುವುದಿಲ್ಲ. ಠಾಣೆಯ ಜೀಪಿಗೂ ಆಗಿತ್ತು. ಅಂದು ಪಾದ್ರಿ ಎಫ್ಟೀಮಿಯೆ ಕಾಮಕಸ್ತೂರಿಯ ಕಟ್ಟನ್ನು ಬಕೆಟ್ಟಿನಲ್ಲಿ ಅದ್ದಿ ಬೀಸಿದ ರಭಸಕ್ಕೆ ಇನ್ಸ್‌ಪೆಕ್ಟರಳ ಸಮವಸ್ತ್ರ ಸೊಂಟದವರೆಗೆ ನೆನೆದಿತ್ತು.

"ಫಾದರ್, ಸ್ಕ್ಯಾನಿಂಗ್ ಯಂತ್ರದ ಮೇಲೆ ತೀರ್ಥ ಎಷ್ಟು ಹಾಕಿದ್ರಿ?"

"ಮನಸ್ಸಿಟ್ಟು ಹಾಕಿದೆ, ಮಗಳೇ."

"ಆಗ ಯಂತ್ರ ಹಚ್ಚಿತ್ತಾ?"

"ದೀಪ ಉರೀತಿತ್ತಪ್ಪ. ನಾನು ಒಂದು ಸಲ ಹಾಕಿ ಸಾಕು ಅಂದೆ. ಫೋಟೋದವನಿಗೆ ಹನಿ ಸಿಗಲಿಲ್ಲವಂತೆ. ನಿರ್ದೇಶಕರು, 'ಇನ್ನೊಂದು ಸಲ ಫಾದರ್, ಗುಂಡಿಗಳ ಮೇಲೆ' ಅಂದ್ರು. ಮತ್ತೂ ಸಿಗಲಿಲ್ಲ. ಮೂರನೇ ಸಲ ಅವರೇ ನನ್ನ ಕೈ ಹಿಡಿದು ಬೀಸಿದ್ರು. ಟುಸ್ ಅಂತು. ಸುಟ್ಟ ವಾಸನೆ ಬಂತು. ಅದು ಧೂಪದ್ದು ಅಂತ ಅವರೇ ಹೇಳಿದ್ರು."

"ನೀವು ನಂಬಿದ್ರಾ?"

"ಅವತ್ತು ನಾನು ಧೂಪ ತಂದಿರಲಿಲ್ಲ," ಎಂದು ಪಾದ್ರಿ ನೆಲ ನೋಡಿದ.

ಠಾಣೆಗೆ ಮರಳಿದ ಇನ್ಸ್‌ಪೆಕ್ಟರ್ ಲಾಕಪ್ಪಿನ ಮುಂದೆ ಸ್ಟೂಲು ಎಳೆದುಕೊಂಡು ಕುಳಿತಳು.

"ಕದ್ದೆಯಾ?"

"ನಾನು ಕದ್ದಿದ್ರೆ ಆ ಹೊಸಾ ಅಲ್ಯೂಮಿನಿಯಂ ಬಾಗಿಲನ್ನ ಬಿಟ್ಟು ಹೋಗ್ತಿದ್ದೆನಾ, ಮೇಡಂ?" ಎಂದ ಲಿಸಾಂದ್ರು. ಆಮೇಲೆ ಅವನ ದನಿ ಇಳಿಯಿತು. "ನನ್ನ ಸೊರಿನಾಗೆ ದಿನ ತುಂಬಿದೆ. ಮಗು ಅಡ್ಡ ಇದೆ ಅಂತಾಳೆ ಸೂಲಗಿತ್ತಿ. ಡಾಕ್ಟರಮ್ಮ ಬರಲಿ, ಆ ಯಂತ್ರದಲ್ಲಿ ನೋಡಿಸೋಣ ಅಂತ ಕಾಯ್ತಿದ್ದೆ. ನನಗೆ ಬೇಕಾದ್ದನ್ನ ನಾನೇ ಒಡೆದು ಮಾರ್ತೀನಾ?"

ಮಾತು ಮುಗಿಯುವ ಮೊದಲೇ ಅಂಗೆಲೀನಾ ಏದುಸಿರು ಬಿಡುತ್ತ ಬಂದಳು. ಗಂಡನನ್ನು ಹಿಡಿದರೆಂದು ಕೇಳಿದಾಗಿನಿಂದ ಸೊರಿನಾಗೆ ನೋವು ಶುರುವಾಗಿತ್ತು, ಮಗು ತಿರುಗಿರಲಿಲ್ಲ. ಇನ್ಸ್‌ಪೆಕ್ಟರ್ ಆಂಬುಲೆನ್ಸಿಗೆ ಫೋನ್ ಮಾಡಿದಳು. ಜಿಲ್ಲೆಗಿದ್ದ ಎರಡರಲ್ಲಿ ಒಂದು ರಿಪೇರಿಗೆ ಹೋಗಿದೆ, ಇನ್ನೊಂದು ಬೆಟ್ಟದಾಚೆ ಇದೆ, ಸಂಜೆಗೆ ನೋಡೋಣ ಎಂಬ ಉತ್ತರ ಬಂತು.

"ಜೀಪ್ ತೆಗಿ," ಎಂದಳು ನಿಕಾನೋರನಿಗೆ. "ಆರೋಪಿಯನ್ನೂ ಕೂರಿಸು. ಹೇಗೂ ನಿರ್ದೇಶಕರ ಹೇಳಿಕೆ ತಗೋಬೇಕು."

ಲಿಸಾಂದ್ರು ಕೈಕೋಳದಲ್ಲಿಯೇ ಹಿಂದೆ ಕುಳಿತು ಹೆಂಡತಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಸೊರಿನಾಳ ಕಂಕುಳಲ್ಲಿ ಕಾಲು ಕಟ್ಟಿದ ಒಂದು ಕೋಳಿಯಿತ್ತು.

"ಅದ್ಯಾಕಮ್ಮ?"

"ಡಾಕ್ಟರಿಗೆ," ಎಂದಳು ಅವಳು ಹಲ್ಲು ಕಚ್ಚಿ. "ಬರಿಗೈಲಿ ಹೋದ್ರೆ ಮುಟ್ತಾರಾ?"

ಜಿಲ್ಲಾ ಆಸ್ಪತ್ರೆ, ಆರೋಗ್ಯ ನಿರ್ದೇಶಕರ ಕಚೇರಿ ಒಂದೇ ಅಂಗಳದಲ್ಲಿದ್ದವು. ಆ ಅಂಗಳದ ನಡುವೆ ಹೊಚ್ಚಹೊಸ ಆಂಬುಲೆನ್ಸೊಂದು ನಿಂತಿತ್ತು. ಹಿಂಬಾಗಿಲಿಗೆ ಅಡ್ಡಲಾಗಿ ಅಗಲವಾದ ತ್ರಿವರ್ಣದ ರಿಬ್ಬನ್ನು. ಸೊರಿನಾಳನ್ನು ಒಳಗೆ ಕರೆದೊಯ್ದ ಮೇಲೆ ಇನ್ಸ್‌ಪೆಕ್ಟರ್ ಕಚೇರಿಯ ಮೆಟ್ಟಿಲು ಹತ್ತಿದಳು.

ತೊದೋರಾನನ ಮೇಜಿನ ಮೇಲೆ ಮಖಮಲ್ಲಿನ ತಟ್ಟೆಯಿತ್ತು. ತಟ್ಟೆಯಲ್ಲಿ ಬೆಳ್ಳಿ ಕತ್ತರಿ, ಪಕ್ಕದಲ್ಲಿ ಒಂದು ಕೀಲಿ. ಅವನ ಹಿಂದೆ ಗೋಡೆಯ ಮೇಲೆ ದೊಡ್ಡ ಫೋಟೋ: ಬೆಳಗುತ್ತಿರುವ ಯಂತ್ರ, ಪಾದ್ರಿಯ ಕೈ, ಆ ಕೈಯನ್ನು ಹಿಡಿದ ನಿರ್ದೇಶಕನ ಕೈ, ಗಾಳಿಯಲ್ಲಿ ಮುತ್ತಿನಂತೆ ನಿಂತ ಹನಿಗಳು.

"ಇದು ಮೂರನೇ ಸಲದ್ದಾ, ಡಾಕ್ಟ್ರೇ?"

"ಏನು ಮೂರನೇ ಸಲ?"

"ಹನಿ ಚೆನ್ನಾಗಿ ಬಂದಿದೆ. ಇದಾದ ಮೇಲೆ ಯಂತ್ರ ಯಾರನ್ನಾದ್ರೂ ನೋಡಿತ್ತಾ?"

"ವೈದ್ಯರ ನೇಮಕಾತಿ ನಮ್ಮ ವ್ಯಾಪ್ತಿಗೆ ಬರಲ್ಲ."

"ಯಂತ್ರ?"

"ಅದನ್ನ ಕಳ್ಳನ್ನ ಕೇಳಿ!"

ನಿಕಾನೋರ್ ಬಾಗಿಲು ತಟ್ಟದೆ ನುಗ್ಗಿದ. "ಮೇಡಂ, ಇಲ್ಲಿ ಆಪರೇಷನ್ ಮಾಡೋರಿಲ್ಲವಂತೆ. ಅರಿವಳಿಕೆ ಡಾಕ್ಟರ ಜಾಗ ಖಾಲಿಯಂತೆ. ದೊಡ್ಡೂರಿಗೆ ಕಳಿಸಿ ಅಂತಾರೆ, ಜೀಪಲ್ಲಿ ಆಗಲ್ವಂತೆ."

"ಅಂಗಳದಲ್ಲಿ ಆಂಬುಲೆನ್ಸ್ ಇದೆಯಲ್ಲ."

ತೊದೋರಾನ್ ಎದ್ದು ನಿಂತ. "ಅದು ಇನ್ನೂ ಉದ್ಘಾಟನೆ ಆಗಿಲ್ಲ! ಶನಿವಾರ ಮಂತ್ರಿಗಳು ಬರ್ತಾರೆ!"

"ಮಗು ಶನಿವಾರದ ತನಕ ಕಾಯಲ್ಲ."

"ಅದು ಜಿಲ್ಲೆಯ ಆಸ್ತಿ. ನಿಮ್ಮ ನೌಕರಿ ಹೋಗುತ್ತೆ, ಹೇಳಿರ್ತೀನಿ!"

ಇನ್ಸ್‌ಪೆಕ್ಟರ್ ಅವನ ಮುಖ ನೋಡಿದಳು. ರಿಬ್ಬನ್ನಿಗಾಗಿ ಯಾರೂ ಅಷ್ಟು ಬಿಳಿಚಿಕೊಳ್ಳುವುದಿಲ್ಲ. ಅವಳು ತಟ್ಟೆಯಿಂದ ಕೀಲಿಯನ್ನೂ ಕತ್ತರಿಯನ್ನೂ ಎತ್ತಿಕೊಂಡಳು.

"ಅದು ಮಂತ್ರಿಗಳ ಕತ್ತರಿ!"

"ಹರಿತವಾಗಿದೆಯೋ ಇಲ್ಲವೋ ನೋಡ್ತೀನಿ."

ಅಂಗಳದಲ್ಲಿ ದಾದಿಯರು ಸ್ಟ್ರೆಚರ್ ಹಿಡಿದು ನಿಂತಿದ್ದರು. ಕತ್ತರಿ ಹರಿತವಾಗಿತ್ತು. ರಿಬ್ಬನ್ನು ರಾಡಿಗೆ ಬಿತ್ತು, ಬಾಗಿಲು ತೆರೆಯಿತು. ರೋಗಿ ಮಲಗಬೇಕಾದ ಜಾಗದಲ್ಲಿ, ಹಗ್ಗ ಬಿಗಿದು, ಪೊಯೆನಿತ್ಸಾದ ಸ್ಕ್ಯಾನಿಂಗ್ ಯಂತ್ರ ಮಲಗಿತ್ತು. ಅದರ ಜಾಲರಿಯಲ್ಲಿ ಕಾಮಕಸ್ತೂರಿಯ ಕಡ್ಡಿಗಳು ಸಿಕ್ಕಿಕೊಂಡಿದ್ದವು.



"ಇವನ ಕೋಳ ಬಿಚ್ಚು," ಎಂದಳು ಇನ್ಸ್‌ಪೆಕ್ಟರ್. "ಯಂತ್ರ ಇಳಿಸೋಕೆ ಕೈ ಬೇಕು."

ಲಿಸಾಂದ್ರು ತಾನು ಕದ್ದನೆಂದು ದೂರು ದಾಖಲಾಗಿದ್ದ ಯಂತ್ರವನ್ನು ಅಂದು ಮೊದಲ ಬಾರಿಗೆ ಮುಟ್ಟಿದ. ನಿಕಾನೋರನೂ ಅವನೂ ಸೇರಿ ಅದನ್ನು ಕೆಸರಿನಲ್ಲಿ ಇಳಿಸಿದರು. ಸೊರಿನಾಳನ್ನು ಒಳಗೆ ಮಲಗಿಸಿದರು. ಲಿಸಾಂದ್ರು ಹತ್ತಿ ಕುಳಿತ, ಆಸ್ಪತ್ರೆಯ ಚಾಲಕ ಕೀಲಿ ತೆಗೆದುಕೊಂಡ. ಆಂಬುಲೆನ್ಸು ಭಾಷಣವಿಲ್ಲದೆ, ತೀರ್ಥವಿಲ್ಲದೆ ಹೊರಟಿತು. ಕಳಚಿದ ಕೋಳ ನಿಕಾನೋರನ ಕೈಯಲ್ಲಿಯೇ ಇತ್ತು. ಅದನ್ನು ಯಾರಿಗೆ ತೊಡಿಸಬೇಕೆಂದು ಅವನು ಕೇಳಲಿಲ್ಲ.

ಪಂಚನಾಮೆ ಅಂಗಳದಲ್ಲಿಯೇ ಆಯಿತು. ವಶಪಡಿಸಿಕೊಂಡ ವಸ್ತುಗಳು: ಯಂತ್ರ ಒಂದು, ಕತ್ತರಿ ಒಂದು, ಫೋಟೋ ಒಂದು. ವಾರಸುದಾರರಿಲ್ಲದೆ ಸಿಕ್ಕಿದ್ದು: ಕೋಳಿ ಒಂದು, ಜೀವಂತ.

ಕಳುವಾಯಿತೆಂದರೆ ಹೊಸ ಯಂತ್ರ ಬರುತ್ತದೆ, ಹೊಸದಕ್ಕೆ ಇನ್ನೊಂದು ಉದ್ಘಾಟನೆಯೂ ಆಗುತ್ತದೆ ಎಂದು ತೊದೋರಾನ್ ಎಣಿಸಿದ್ದ. ಜಿಲ್ಲೆಯಲ್ಲಿ ಯಾರೂ ಬಾಗಿಲು ತೆರೆದು ನೋಡದ ಒಂದೇ ಜಾಗ ಉದ್ಘಾಟನೆಯಾಗದ ವಾಹನ ಎಂಬುದು ಅವನಿಗೆ ಇತರರಿಗಿಂತ ಚೆನ್ನಾಗಿ ಗೊತ್ತಿತ್ತು. ಯಂತ್ರವನ್ನು ಹೊಳೆಗೆ ತಳ್ಳಲು ಮೊದಲು ಹೋಗಿದ್ದನೆಂದೂ, ಹೊಸ ಸೇತುವೆಯೂ ರಿಬ್ಬನ್ನು ಕಟ್ಟಿಸಿಕೊಂಡು ಮಂತ್ರಿಗಾಗಿ ಕಾಯುತ್ತಿದ್ದುದರಿಂದ ಹಿಂದಿರುಗಿದನೆಂದೂ ಕೆಲವರು ಹೇಳುತ್ತಾರೆ. ಇದು ಹೇಳಿಕೆಯಲ್ಲಿಲ್ಲ, ಜನರ ಬಾಯಲ್ಲಿದೆ.

ಹೇಳಿಕೆಯಲ್ಲಿ ಇರುವುದು ಇಷ್ಟು.

"ಅವತ್ತೇ ಬರೆದು ಕಳಿಸಿದ್ರೆ ಕಂಪನಿಯೋರು ರಿಪೇರಿ ಮಾಡ್ಕೊಡ್ತಿದ್ರಲ್ಲ?" ಎಂದು ಇನ್ಸ್‌ಪೆಕ್ಟರ್ ಕೇಳಿದ್ದಳು.

"ಹೇಗೆ ಕೆಟ್ಟಿತು ಅಂತ ಕೇಳೋರು. ತೀರ್ಥ ಬಿತ್ತು ಅಂತ ಬರೀಬೇಕಾಗ್ತಿತ್ತು."

"ಬರೆದಿದ್ರೆ?"

"ನಗೋರು."

"ಅಷ್ಟೇನಾ?"

"ಅಷ್ಟೇ," ಎಂದು ತೊದೋರಾನ್ ಸಹಿ ಹಾಕಿದ.

ದೊಡ್ಡೂರಿನಲ್ಲಿ ಸೊರಿನಾಗೆ ಹೆಣ್ಣು ಮಗುವಾಯಿತು. ಇನ್ನೊಂದಿಷ್ಟು ತಡವಾಗಿದ್ದರೆ ಎಂದು ಅಲ್ಲಿನ ವೈದ್ಯರು ಮಾತು ತೆಗೆದು, ಲಿಸಾಂದ್ರುವಿನ ಮುಖ ನೋಡಿ, ಮುಗಿಸದೆ ಬಿಟ್ಟರಂತೆ.

ಬ್ರಾದೆಟ್ ಸೀಮೆಯಲ್ಲಿ ಈಗ ಟ್ರ್ಯಾಕ್ಟರು ನಿಂತರೂ, ಬಾವಿಯ ಪಂಪು ಸುಟ್ಟರೂ, ಕೆಟ್ಟಿದೆ ಎಂದು ಯಾರೂ ಅನ್ನುವುದಿಲ್ಲ. ಟೋಪಿ ತೆಗೆದು, ತಲೆ ಬಾಗಿಸಿ, "ಆಶೀರ್ವಾದ ಆಗಿದೆ" ಎನ್ನುತ್ತಾರೆ. ಆಮೇಲೆ ನಗುತ್ತಾರೆ.