ಗೋಡೆಯಿಂದ ಕಿತ್ತ ಮುಖ

"ಎಫ್‌ಐಆರ್ ಹಾಕ್ತೀರೋ, ಇಲ್ಲ ಮೇಲಿನವರಿಗೆ ಫೋನ್ ಮಾಡ್ಲೋ?" ಚಿತ್ರಕಾರ ಮೇಜು ಗುದ್ದಿದ.

"ಮೇಜು ಸರ್ಕಾರದ್ದು ಕಣ್ರೀ. ಮುರಿದ್ರೆ ಅದಕ್ಕೊಂದು ಕೇಸು. ಕೂತ್ಕೊಂಡು ಹೇಳಿ," ಎಂದ ಇನ್‌ಸ್ಪೆಕ್ಟರ್.

ಬೆಳಿಗ್ಗೆ ಎಂಟೂ ಹತ್ತು. ಅರವತ್ತು ವರ್ಷದ ಹಿಂದಿನ ನೂಲಿನ ಗಿರಣಿ ಮುಷ್ಕರವನ್ನು ಹಳೇ ದಾಖಲೆಗಳ ಆಧಾರದಲ್ಲಿ ಈ ಚಿತ್ರಕಾರನಿಂದ ಮಾರುಕಟ್ಟೆಯ ಗೋಡೆಗೆ ಚಿತ್ರವಾಗಿ ಬರೆಸಿದ್ದರು. ಸೋಮವಾರ ಉದ್ಘಾಟನೆ. ಗಿರಣಿ ಬಾಗಿಲು ತೆರೆದು ಪೊಲೀಸರನ್ನು ಒಳಗೆ ಬಿಟ್ಟ ದ್ರೋಹಿಯ ಮುಖವನ್ನು ಯಾರೋ ಉಳಿಯಿಂದ ಕೆತ್ತಿ ತೆಗೆದಿದ್ದರು. ಅವನ ಕೈಯ ಬೀಗದಕೈ ಹಾಗೇ ಇತ್ತು.

ಒಂಬತ್ತೂವರೆಗೆ ಪಂಚನಾಮೆ. ಮಹಿಳಾ ಪೇದೆ ನೆಲವನ್ನೆಲ್ಲ ತಡಕಿದಳು. "ಇಷ್ಟು ಗಾರೆ ಕಿತ್ತಿದ್ದಾರೆ, ಕೆಳಗೆ ಒಂದು ಚೂರೂ ಇಲ್ಲ ಸಾರ್. ಗುಡಿಸೋರೂ ಇನ್ನೂ ಬಂದಿಲ್ಲ."

ಸಿಟ್ಟಿಗೆ ಕಿತ್ತವನು ಚೂರು ಬಾಚಿಕೊಂಡು ಹೋಗುವುದಿಲ್ಲ. ಇನ್‌ಸ್ಪೆಕ್ಟರ್ ಚಿತ್ರಕಾರನ ಕಡೆ ತಿರುಗಿದ. "ಈ ಮುಖದ ಬಗ್ಗೆ ಯಾರಾದ್ರೂ ತಕರಾರು ತೆಗೆದಿದ್ರಾ?"

"ಒಬ್ಬಳು ಮುದುಕಿ. ಮೂರು ಅರ್ಜಿ ಕೊಟ್ಲು," ಎಂದ ಚಿತ್ರಕಾರ. "ದಾಖಲೆಯಲ್ಲಿದ್ದದ್ದು ಬರೆದಿದ್ದೀನಿ, ಹೋಗಮ್ಮ ಅಂದೆ."

ಹನ್ನೊಂದಕ್ಕೆ ದಾಖಲೆ ಕಚೇರಿ. ಗುಮಾಸ್ತ ಕಡತ ಬಿಚ್ಚಿದ. ದ್ರೋಹಿಯ ಹಾಳೆಯಲ್ಲಿ ಬರೆದಿತ್ತು: 'ಗುರುತು: ಬಲಗೆನ್ನೆಯಲ್ಲಿ ಮಚ್ಚೆ.' ಮೇಲಿನ ಫೋಟೊದಲ್ಲಿ ಕೆನ್ನೆ ನುಣ್ಣಗಿತ್ತು, ಎಡಗಿವಿ ಹರಿದಿತ್ತು. ಮುಂದಿನ ಹಾಳೆ: 'ಗುರುತು: ಎಡಗಿವಿ ಹರಿದಿದೆ. ಜೈಲಿನಲ್ಲಿ ಮೃತ.' ಅಲ್ಲಿನ ಫೋಟೊದಲ್ಲಿ ಮಚ್ಚೆ.

"ಅಂಟು ಬಿಟ್ಟು ಉದುರಿದ್ವು ಸಾರ್. ನಾನೇ ಮತ್ತೆ ಅಂಟಿಸಿದೆ."

"ಓದಿ ಅಂಟಿಸಿದ್ಯೇನಯ್ಯಾ?"

"ಓದೋದು ನಮ್ಮ ಕೆಲಸ ಅಲ್ಲ ಸಾರ್."

ಇನ್‌ಸ್ಪೆಕ್ಟರಿನ ಕೈ ತುರಿಸಿತು. ಜೇಬಿನಲ್ಲಿಟ್ಟುಕೊಂಡ.

ಮಧ್ಯಾಹ್ನ ಎರಡಕ್ಕೆ ಮುದುಕಿಯ ಒಂಟಿ ಕೋಣೆ. ಅವಳು ಕಾಯುತ್ತಿದ್ದವಳಂತೆ ಬಡಗಿ ಗಂಡನ ಉಳಿಯನ್ನೂ ಒಂದು ತಗಡಿನ ಡಬ್ಬಿಯನ್ನೂ ಮುಂದಿಟ್ಟಳು. ಡಬ್ಬಿಯ ತುಂಬ ಬಣ್ಣದ ಗಾರೆಯ ಚೂರು.

"ಇದನ್ಯಾಕೆ ತಂದೆ ಅಜ್ಜಿ?"

"ನಮ್ಮಪ್ಪನ ಮುಖ. ಬೀದೀಲಿ ಬಿಟ್ಟು ಬರ್ಲಾ? ತುಳೀತಾರೆ." ಡಬ್ಬಿಯ ಮುಚ್ಚಳ ಹಾಕುತ್ತಾ ಅವಳೇ ಹೇಳಿದಳು. "ಮನೇಲಿ ಅಪ್ಪನ ಒಂದು ಫೋಟೊ ಇಲ್ಲಪ್ಪ. ಆರು ವರ್ಷದವಳಿದ್ದಾಗ ನೋಡಿದ್ದು. ಗೋಡೆ ಮೇಲೆ ಆ ಕಿವಿ ಕಂಡು ಎರಡು ದಿನ ಅಲ್ಲೇ ಕೂತಿದ್ದೆ, ಖುಷಿಗೆ. ಮೂರನೇ ದಿನ ಮೊಮ್ಮಗಳು ಕೆಳಗೆ 'ದ್ರೋಹಿ' ಅಂತ ಬರೆದಿದ್ದನ್ನ ಓದಿ ಹೇಳಿದ್ಲು."

ನಾಲ್ಕೂ ಇಪ್ಪತ್ತಕ್ಕೆ ಬಂಧನ. ಡಬ್ಬಿಗೆ ಅರಗಿನ ಮೊಹರು ಬಿತ್ತು.

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಎರಡೂ ಹಾಳೆಗಳ ನಕಲನ್ನು ಚಿತ್ರಕಾರನ ಮುಂದೆ ತಳ್ಳಿದ. "ಮುಖ ಅದಲುಬದಲಾಗಿದೆ ಅಂತ ನಾಲ್ಕು ಸಾಲು ಬರ್ಕೊಡಿ. ಕೋರ್ಟಿನಲ್ಲಿ ಅಜ್ಜಿಗೆ ಆಸರೆ ಆಗುತ್ತೆ."

ಚಿತ್ರಕಾರ ಓದಿದ. ಮುಖ ಕಪ್ಪಿಟ್ಟಿತು. "ಹಾಗಾದ್ರೆ ನಡುವೆ ಹುತಾತ್ಮ ಅಂತ ದೊಡ್ಡದಾಗಿ ಬರೆದಿದ್ದೀನಲ್ಲ, ಮಚ್ಚೆಯವನು..."

"ಅವನೇ ಬಾಗಿಲು ತೆರೆದವನು."

"ಸೋಮವಾರ ಉದ್ಘಾಟನೆ ಇದೆ ಸಾರ್."

"ಗೊತ್ತು. ಬರೀರಿ."

ಬೆಂಚಿನ ಮೇಲಿದ್ದ ಮುದುಕಿ ತಲೆ ಎತ್ತಿದಳು. ಚಿತ್ರಕಾರ ಅವಳ ಕಡೆ ನೋಡದೆ ಎದ್ದ.

"ಪೆನ್ನು ಕಾರಿನಲ್ಲಿದೆ. ತರ್ತೀನಿ ಇರಿ," ಎಂದು ಹೊರಗೆ ನಡೆದ.

ಅವನ ಜೇಬಿನಲ್ಲೇ ಎರಡು ಪೆನ್ನಿದ್ದವು. ಆರು ಗಂಟೆಗೆ ಪೇದೆ, ಅವನು ಬರೆಯಲೆಂದು ಮೇಜಿನ ಮೇಲಿಟ್ಟಿದ್ದ ಖಾಲಿ ಹಾಳೆಯನ್ನು ಎತ್ತಿ ಕಡತಕ್ಕೆ ಸೇರಿಸಿದಳು.